ಪಟೇಲನ ಪಡಿತರ

ಸಾಗರಕ್ಕೆ ವರ್ಗವಾದ ಲೈನ್‌ಮನ್ ಜಯಶೀಲ
ಪಂಜರ ತಂದು ನನ್ನ ಜಗಲಿಯಲ್ಲಿಟ್ಟ,
ಜೊತೆಗೆ ಒಂದು ಕಿಲೋ ಸೂರ್ಯಕಾಂತಿ ಬೀಜ.
“ಇದೊಂದೇ ತಿನ್ನೋದು, ಬೇರೇನೂ ಮುಟ್ಟಲ್ಲ” ಎಂದು ಬೈಕು ಒದ್ದ.
ತಲೆಗೆ ಹಳದಿ ತುರಾಯಿ, ಎರಡೂ ಕೆನ್ನೆಗೆ ಕೇಸರಿ ಬೊಟ್ಟು,
ಕಂದಾಯ ಕೇಳಲು ಬಂದವನ ಹಾಗೆ
ಕೋಲಿನ ಮೇಲೆ ಕೂತಿತ್ತು ಕಾಕಟೀಲ್.
ಪಟೇಲ, ಎಂದೆ. ತುರಾಯಿ ಎದ್ದಿತು. ಹೆಸರು ನಿಂತಿತು.

ಎರಡೇ ತಿಂಗಳಿಗೆ ಪಟೇಲನಿಗೆ ಏದುಸಿರು.
ಶೂ ಡಬ್ಬಿಗೆ ತೂತು ಕೊರೆದು ಪಶುವೈದ್ಯ ಕಾಲೇಜಿಗೆ ಒಯ್ದೆ.
ಒಂದು ಎಮ್ಮೆ, ಮೂರು ನಾಯಿ, ಕಾಲು ಮುರಿದ ಕರು,
ಆಮೇಲೆ ನಾವು.
ಡಾಕ್ಟರಮ್ಮ ಎದೆಯ ಗರಿ ಊದಿ ಬಿಡಿಸಿದರು,
ಚರ್ಮದಡಿ ಬೆಣ್ಣೆ ಮೆತ್ತಿದ ಹಾಗೆ ಕೊಬ್ಬು.
“ನೂರ ಹದಿನೆಂಟು ಗ್ರಾಂ. ತೊಂಬತ್ತೈದು ಸಾಕಿತ್ತು.
ಸೂರ್ಯಕಾಂತಿ ಬಂದ್. ಇನ್ನು ಮೇಲೆ ತೂಗಿ ಹಾಕಿ.”

ತೂಗಿ ಹಾಕಿ.
ನನಗೆ ಹೇಳಿದ ಮಾತು ಇದು!
ಸೀಗೆಹಟ್ಟಿಯ ನ್ಯಾಯಬೆಲೆ ಅಂಗಡಿಯಲ್ಲಿ ಇಪ್ಪತ್ತಾರು ವರ್ಷ
ನಾನು ಬೇರೇನು ಮಾಡಿದ್ದೆ?

ಅಂಗಡಿಯ ತಕ್ಕಡಿಗೆ ಹಕ್ಕಿಯ ಊಟ ತಿಳಿಯದು.
ಅಕ್ಕಸಾಲಿ ವಿಠೋಬಾಚಾರಿ ತನ್ನ ಹಳೆಯದೊಂದು ಕೊಟ್ಟ,
ಗುಲಗಂಜಿ ಸಮೇತ.
ಬೆಳಿಗ್ಗೆ ಆರು ಗ್ರಾಂ ಡಬ್ಬಿಯ ಗುಳಿಗೆಮೇವು,
ಮೂರು ಗ್ರಾಂ ನವಣೆ, ಸಾಮೆ,
ನುಗ್ಗೆಸೊಪ್ಪು, ತುರಿದ ಕ್ಯಾರೆಟ್, ಮೊಳಕೆಹೆಸರು ಎಣಿಸಿ ಹತ್ತು.
ಭಾನುವಾರ ಬೆಂದ ಮೊಟ್ಟೆ, ಗುಲಗಂಜಿ ತೂಕ.
ಕೊಕ್ಕು ಮಸೆಯಲು ಗ್ರಂಥಿಗೆ ಅಂಗಡಿಯ ಸಮುದ್ರನೊರೆ.
ಪಕ್ಕದ ಮನೆ ಫಿಲೋಮಿನಾ ಬಾಯಿ ಬೆಣ್ಣೆಹಣ್ಣು ಸೀಳಿ
“ಅವನಿಗೂ ಒಂದು ಚೂರು” ಎಂದಾಗ
ಓಡಿಹೋಗಿ ತಟ್ಟೆ ಕಸಿದೆ. ನಮಗೆ ಬೆಣ್ಣೆ, ಅವನಿಗೆ ವಿಷ.

ಪಟೇಲ ಮುಷ್ಕರ ಹೂಡಿದ.
ಗುಳಿಗೆಯನ್ನು ಒಂದೊಂದಾಗಿ ಎತ್ತಿ ನೆಲಕ್ಕೆ ಬಿಟ್ಟ.
ಅವನೆದುರು ಕೂತು ನಾನೇ ನಾಲ್ಕು ಅಗಿದೆ,
“ಆಹಾ” ಎಂದೆ. ಮಳೆಗೆ ನೆನೆದ ರಟ್ಟಿನ ರುಚಿ.
ಅವನು ತಲೆ ವಾಲಿಸಿ
ಒಂದೇ ಕಣ್ಣಲ್ಲಿ ನೋಡಿದ.

ಹೀಗೆಯೇ ನೋಡುತ್ತಿದ್ದಳು ಹಾಲಮ್ಮ.
ಅವಳದೂ ಒಂದೇ ಕಣ್ಣು, ಇನ್ನೊಂದಕ್ಕೆ ಪೊರೆ.
ಕಾರ್ಡು ಹಿಡಿದು ನಿಂತು
ತಕ್ಕಡಿಯ ಮುಳ್ಳು ನೋಡುತ್ತಿರಲಿಲ್ಲ ಅವಳು;
ತಟ್ಟೆಯ ಅಂಚಿಗೆ ತಗುಲಿದ ನನ್ನ ಹೆಬ್ಬೆರಳು ನೋಡುತ್ತಿದ್ದಳು.
ನೂರು ಗ್ರಾಂ ಅಷ್ಟೇ. ಇಲಿ ತಿಂದವು ಎಂದು ಬರೆಯುವಷ್ಟು.
ಮಾತಾಡದೆ ಸೆರಗಿಗೆ ಸುರಿದುಕೊಂಡು ಹೋಗುತ್ತಿದ್ದಳು.

ಒಂದು ದಿನ ಬಟ್ಟಲು ಬೆಳಗಿನಿಂದ ತುಂಬಿಯೇ ಇತ್ತು.
ಹಸಿವಿಲ್ಲವೇನೋ, ಬಿಟ್ಟೆ.
ಸಂಜೆಗೂ ತುಂಬಿತ್ತು. ಪಟೇಲ ಸರಳಿಗೆ ಕೊಕ್ಕು ಬಡಿಯುತ್ತಿದ್ದ.
ಬಗ್ಗಿ ಊದಿದೆ:
ಮುಖದ ತುಂಬ ಹೊಟ್ಟು.
ನವಣೆ ಬಿಡಿಸಿ ತಿಂದು ಸಿಪ್ಪೆಯನ್ನು ಅಲ್ಲೇ ಬಿಟ್ಟಿದ್ದ,
ತಳದಲ್ಲಿ ಕಾಳಿರಲಿಲ್ಲ.
ನನ್ನ ದಾಸ್ತಾನು ಪುಸ್ತಕವೂ ಹೀಗೇ, ಪುಟಪುಟವೂ ತುಂಬಿದ್ದು.
ಇನ್‌ಸ್ಪೆಕ್ಟರು ರುಜು ಹಾಕಿದರು,
ಯಾರೂ ಊದಿರಲಿಲ್ಲ.

ಹೋದ ಮಂಗಳವಾರ ಸೊಪ್ಪಿನ ಸಾಲಿನಲ್ಲಿ
ನುಗ್ಗೆಕಟ್ಟು ಹರಡಿಕೊಂಡು ಹಾಲಮ್ಮನೇ ಕೂತಿದ್ದಳು.
ಗುರುತು ಹಿಡಿದಳೋ ಇಲ್ಲವೋ.
“ಒಂದು ಕಟ್ಟು. ಹಕ್ಕಿಗೆ” ಎಂದೆ, ಯಾಕೆ ಹೇಳಿದೆನೋ.
“ಹಕ್ಕಿಗಾ?”
ಕಟ್ಟು ಕೊಟ್ಟು, ಮೇಲೊಂದು ಹಿಡಿ ಎಸೆದಳು ಚೀಲಕ್ಕೆ.
ಕೊಸರು.
ಹತ್ತು ರೂಪಾಯಿಗೆ ಬದಲು ಇಪ್ಪತ್ತು ಕೊಡಲು ಹೋದೆ,
ಚಿಲ್ಲರೆ ಎಣಿಸಿ ಕೈಗಿಟ್ಟಳು.

ಪಟೇಲ ಈಗ ನೂರ ಒಂದು ಗ್ರಾಂ.
ಸಂಜೆ ದೀಪ ಹಚ್ಚಿದ ಮೇಲೆ ನವಣೆಯ ತೆನೆ ಮುರಿಯುತ್ತೇನೆ,
ಡಾಕ್ಟರಮ್ಮನ ಲೆಕ್ಕದಲ್ಲಿ ಕಿರುಬೆರಳಿನ ಎರಡು ಗೆಣ್ಣು.
ಅಂಗೈಗೆ ಹತ್ತುತ್ತಾನೆ, ಉಗುರು ತಣ್ಣಗೆ,
ಹೆಬ್ಬೆರಳನ್ನೊಮ್ಮೆ ಕಚ್ಚಿ ನೋಡುತ್ತಾನೆ,
ಆಮೇಲೆ ತೆನೆಗೆ ಬಾಯಿ ಹಾಕುತ್ತಾನೆ.
ಮೂರನೇ ಗೆಣ್ಣಿನಷ್ಟು
ನಾನು ತೂಗುವುದಿಲ್ಲ.